ಹೊಸಬರ ಕೈಗೆ ಯಾವ ವಿಡಿಯೊ ಗೇಮ್?

ವಿಡಿಯೊ ಗೇಮ್ ಆಡಿ ಅಭ್ಯಾಸವಿಲ್ಲದವರಿಗೆ ಮೊದಲ ಆಟವನ್ನು ಸೂಚಿಸುವ ಹೊಣೆ ಸಾಮಾನ್ಯವಾಗಿ ಬೀಳುವುದು ಬಹಳ ವರ್ಷಗಳಿಂದ ಆಡುತ್ತ ಬಂದವರ ಮೇಲೆ, ಮತ್ತು ಆ ಆಯ್ಕೆ ಬಹುಮಟ್ಟಿಗೆ ತಪ್ಪುವುದೂ ಅದೇ ಕಾರಣದಿಂದ. ನುರಿತ ಆಟಗಾರರು ಒಂದು ಆಟದ ಕಷ್ಟವನ್ನು ಅಳೆಯುವಾಗ ಶತ್ರುಗಳು ಎಷ್ಟು ಬಲಶಾಲಿಗಳು, ಒಗಟುಗಳು ಎಷ್ಟು ಜಟಿಲ, ಸೋತರೆ ಎಷ್ಟು ನಷ್ಟ ಎಂಬುದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಹೊಸಬರು ಸೋಲುವುದು ಅದಕ್ಕೂ ಹಿಂದಿನ ಹಂತದಲ್ಲಿ, ಅಂದರೆ ಪಾತ್ರವನ್ನು ಗೋಡೆಗೆ ಡಿಕ್ಕಿ ಹೊಡೆಸದೆ ನಡೆಸುವುದರಲ್ಲಿ, ಪರದೆಯ ಮೇಲಿನ ಯಾವ ಚಿಹ್ನೆ ಏನನ್ನು ಹೇಳುತ್ತಿದೆ ಎಂದು ಗುರುತಿಸುವುದರಲ್ಲಿ. ಈ ಹಂತವನ್ನು ನುರಿತವರು ಬಾಲ್ಯದಲ್ಲಿಯೇ ದಾಟಿಬಿಟ್ಟಿರುವುದರಿಂದ ಅದೊಂದು ಹಂತವೆಂಬುದೇ ಅವರ ನೆನಪಿನಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಹೊಸಬರಿಗೆ ತಕ್ಕ ಆಟವನ್ನು ಹುಡುಕುವವರು ಯಾವ ಆಟ ಸುಲಭ ಎಂದು ಕೇಳಿಕೊಳ್ಳುವುದಕ್ಕಿಂತ, ಆ ಆಟ ತನ್ನನ್ನು ಆಡುವವರಿಗೆ ಮೊದಲೇ ಏನೇನು ಗೊತ್ತಿರಬೇಕೆಂದು ನಿರೀಕ್ಷಿಸುತ್ತದೆ ಎಂದು ಕೇಳಿಕೊಳ್ಳುವುದು ಹೆಚ್ಚು ಫಲಕಾರಿ.

ಆ ನಿರೀಕ್ಷೆಗಳಲ್ಲಿ ಮೊದಲನೆಯದು ಕೈಗೆ ಸಂಬಂಧಿಸಿದ್ದು. ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಯಂತ್ರಗಳನ್ನು ಕನ್ಸೋಲ್ ಎನ್ನುತ್ತಾರೆ. ಅವುಗಳ ಕಂಟ್ರೋಲರ್‌ನಲ್ಲಿ ಹೆಬ್ಬೆರಳಿನಿಂದ ಎಲ್ಲ ದಿಕ್ಕಿಗೂ ವಾಲಿಸಬಹುದಾದ ಎರಡು ಪುಟ್ಟ ಕಡ್ಡಿಗಳೂ ಹನ್ನೆರಡಕ್ಕಿಂತ ಹೆಚ್ಚು ಬಟನ್‌ಗಳೂ ಇರುತ್ತವೆ. ಮೂರು ಆಯಾಮದ ಲೋಕವನ್ನು ತೋರಿಸುವ ಬಹುಪಾಲು ಆಟಗಳಲ್ಲಿ ಎಡಗಡೆಯ ಕಡ್ಡಿ ಪಾತ್ರವನ್ನು ನಡೆಸುತ್ತದೆ, ಬಲಗಡೆಯದು ಕ್ಯಾಮೆರಾವನ್ನು, ಅಂದರೆ ಆಟಗಾರರು ಆ ಲೋಕವನ್ನು ನೋಡುವ ಕೋನವನ್ನು ತಿರುಗಿಸುತ್ತದೆ. ಎರಡನ್ನೂ ಒಟ್ಟೊಟ್ಟಿಗೆ, ಕೈಯತ್ತ ನೋಡದೆ, ಬೇರೆ ಬೇರೆ ದಿಕ್ಕಿಗೆ ಆಡಿಸಬೇಕಾಗುತ್ತದೆ. ಒಂದು ಕೈಯಲ್ಲಿ ತಿದಿಯೊತ್ತುತ್ತ ಇನ್ನೊಂದರಲ್ಲಿ ಮನೆಗಳನ್ನು ಹಿಡಿಯುವ ಹಾರ್ಮೋನಿಯಂ ವಾದನದಂತೆ ಇದು ಅಭ್ಯಾಸದಿಂದ ಮಾತ್ರ ಒಲಿಯುವ ಕೈಚಳಕವೇ ಹೊರತು ಬುದ್ಧಿವಂತಿಕೆಯಿಂದ ಬರುವಂಥದ್ದಲ್ಲ. ಸೋನಿ ಕಂಪನಿ ಎರಡು ಕಡ್ಡಿಗಳ ಕಂಟ್ರೋಲರ್ ಅನ್ನು ಮಾರುಕಟ್ಟೆಗೆ ತಂದದ್ದು 1997ರಲ್ಲಿ. ಅದಾಗಿ ಮೂರು ವರ್ಷಗಳ ಬಳಿಕ, 2000ದಲ್ಲಿ, ಪ್ಲೇಸ್ಟೇಷನ್‌ಗೆ ಬಂದ ‘ಏಲಿಯನ್ ರೆಸರೆಕ್ಷನ್’ ಎಂಬ ಭಯಾನಕ ಆಟ ಇಂದು ಸರ್ವಸಾಮಾನ್ಯವಾಗಿರುವ ಇದೇ ವಿಧಾನವನ್ನು ಬಳಸಿದಾಗ, ‘ಗೇಮ್‌ಸ್ಪಾಟ್’ ಜಾಲತಾಣದ ವಿಮರ್ಶೆ ಆ ಆಟದಲ್ಲಿ ಎಲ್ಲಕ್ಕಿಂತ ಹೆದರಿಸುವಂಥದ್ದು ಅದರ ನಿಯಂತ್ರಣ ವಿಧಾನವೇ ಎಂಬರ್ಥದಲ್ಲಿ ಹಂಗಿಸಿತ್ತು. ಆಟಗಳನ್ನು ಆಡಿ ಅಳೆಯುವುದೇ ವೃತ್ತಿಯಾಗಿದ್ದವರಿಗೂ ಅಂದು ಹಾಗನ್ನಿಸಿತ್ತು ಎಂಬುದನ್ನು ನೆನೆದರೆ, ಮೊದಲ ಬಾರಿಗೆ ಕಂಟ್ರೋಲರ್ ಹಿಡಿದವರು ಆಕಾಶವನ್ನೋ ನೆಲವನ್ನೋ ದಿಟ್ಟಿಸುತ್ತ ಒಂದೇ ಜಾಗದಲ್ಲಿ ಸುತ್ತುವುದರಲ್ಲಿ ನಗುವಂಥದ್ದೇನೂ ಇಲ್ಲ.

ಕ್ಯಾಮೆರಾದ ತೊಡಕು ಕೈಯಲ್ಲಿಯೇ ಮುಗಿಯುವುದಿಲ್ಲ. ಪಾತ್ರದ ಕಣ್ಣಿನಿಂದಲೇ ಲೋಕವನ್ನು ತೋರಿಸುವ, ಫಸ್ಟ್ ಪರ್ಸನ್ ಎಂದು ಕರೆಯಲಾಗುವ ಆಟಗಳಲ್ಲಿ ಕಣ್ಣು ತಾನು ಚಲಿಸುತ್ತಿದ್ದೇನೆ ಎಂದು ಮಿದುಳಿಗೆ ವರದಿ ಕೊಡುತ್ತದೆ, ಒಳಗಿವಿಯಲ್ಲಿರುವ ಸಮತೋಲನದ ಅಂಗ ಮಾತ್ರ ದೇಹ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದೆ ಎನ್ನುತ್ತದೆ, ಮತ್ತು ಈ ಎರಡರ ತಾಳೆ ತಪ್ಪುವುದರಿಂದ ಕೆಲವರಿಗೆ ಘಾಟಿಯ ಬಸ್ಸಿನಲ್ಲಿ ಆಗುವಂಥದೇ ವಾಕರಿಕೆ, ತಲೆಸುತ್ತು ಉಂಟಾಗುತ್ತದೆ. ಇಂಥವರು ಆಟವೇ ತಮಗೆ ಒಗ್ಗದೆಂದು ತೀರ್ಮಾನಿಸಿ ದೂರ ಸರಿಯುವುದುಂಟು, ಆದರೆ ಅವರಿಗೆ ಒಗ್ಗದಿರುವುದು ಒಂದು ಬಗೆಯ ಕ್ಯಾಮೆರಾ ಮಾತ್ರ. ಕ್ಯಾಮೆರಾ ನಿಭಾಯಿಸುವ ಕಷ್ಟದ ದೃಷ್ಟಿಯಿಂದ ನೋಡಿದರೆ, ಸಂಗಾತಿಗೆ ಆಟದ ರುಚಿ ಹತ್ತಿಸಬೇಕೆನ್ನುವವರು ಪದೇ ಪದೇ ಆರಿಸುವ ‘ಇಟ್ ಟೇಕ್ಸ್ ಟೂ’ ಒಂದು ತಪ್ಪು ಉಡುಗೊರೆ. ಸ್ವೀಡನ್ನಿನ ಹೇಝ್‌ಲೈಟ್ ಸ್ಟುಡಿಯೊ 2021ರಲ್ಲಿ ಹೊರತಂದ ಈ ಆಟವನ್ನು ಇಬ್ಬರು ಕೂಡಿಯೇ ಆಡಬೇಕು, ಕಥೆ ಗಂಡ ಹೆಂಡಿರದು, ಚಿತ್ರಗಳು ಬಣ್ಣಬಣ್ಣದವು. ಇವೆಲ್ಲ ಸೇರಿ ಅದು ಹೊಸಬರಿಗೆಂದೇ ಮಾಡಿದ್ದೆಂಬ ಭಾವನೆ ಹುಟ್ಟಿಸುತ್ತವೆ. ಆದರೆ ಮೊದಲ ಅರ್ಧ ಗಂಟೆಯಲ್ಲಿಯೇ ಅದು ಕ್ಯಾಮೆರಾ ತಿರುಗಿಸುತ್ತ ಓಡುವುದನ್ನೂ ಗಾಳಿಯಲ್ಲಿ ಎರಡನೆಯ ಬಾರಿ ಜಿಗಿಯುವುದನ್ನೂ ಕೇಳುವುದರಿಂದ, ಒಬ್ಬರು ದಡ ಸೇರಿ ಕಾಯುತ್ತ, ಇನ್ನೊಬ್ಬರು ಹತ್ತನೆಯ ಸಲ ಬೀಳುತ್ತ ಕೂರುವ ಮುಜುಗರವೇ ಅದರ ಫಲವಾಗುತ್ತದೆ.

ಎರಡನೆಯ ನಿರೀಕ್ಷೆ ರೂಢಿಗಳದ್ದು. ಆಟಗಳಲ್ಲಿ ಕೆಂಪು ಪೀಪಾಯಿಗೆ ಗುಂಡು ಬಿದ್ದರೆ ಸ್ಫೋಟಿಸುತ್ತದೆ, ಬಂಡೆಯ ಅಂಚಿಗೆ ಬಿಳಿಯದೋ ಹಳದಿಯದೋ ಬಣ್ಣ ಬಳಿದಿದ್ದರೆ ಅಲ್ಲಿ ಹತ್ತಬಹುದು, ಪರದೆಯ ಅಂಚು ಕೆಂಪೇರಿದರೆ ಪ್ರಾಣಕ್ಕೆ ಕುತ್ತು ಬಂದಿದೆ ಎಂಬಂಥ ಸಂಗತಿಗಳು ಎಲ್ಲಿಯೂ ಬರೆದಿಟ್ಟಿರದಿದ್ದರೂ ಆಡುವವರ ನಡುವೆ ಸಂಪ್ರದಾಯವಾಗಿ ನಡೆದುಬಂದಿವೆ. ಓಣಿಯಲ್ಲಿ ಹತ್ತು ಬಾಗಿಲುಗಳಿದ್ದರೆ ಅವುಗಳಲ್ಲಿ ಒಂಬತ್ತು ಗೋಡೆಯ ಮೇಲಿನ ಬರಿಯ ಚಿತ್ರಗಳು, ಒಂದು ಮಾತ್ರ ತೆರೆಯುವಂಥದ್ದು ಎಂಬುದನ್ನು ನುರಿತವರು ಬೆಳಕಿನ ವ್ಯತ್ಯಾಸದಿಂದಲೇ ಗ್ರಹಿಸುತ್ತಾರೆ. ಹೊಸಬರು ಹತ್ತನ್ನೂ ತಟ್ಟಿ ನೋಡುತ್ತಾರೆ, ಮತ್ತು ಸಹಜ ವಿವೇಕದ ಲೆಕ್ಕದಲ್ಲಿ ಅವರೇ ಸರಿ.

ಯಾವ ರೂಢಿಯನ್ನೂ ಗೃಹೀತ ಹಿಡಿಯದೆ ಆಟವೇ ಗುರುವಾಗಬಲ್ಲದು ಎಂಬುದಕ್ಕೆ ಇಂದಿಗೂ ಅತ್ಯುತ್ತಮ ನಿದರ್ಶನ, ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಝುಕ 1985ರಲ್ಲಿ ರೂಪಿಸಿದ ‘ಸೂಪರ್ ಮಾರಿಯೊ ಬ್ರದರ್ಸ್’ನ ಮೊದಲ ಹಂತ. ಆಟ ತೆರೆದಾಗ ಮಾರಿಯೊ ಪರದೆಯ ಎಡಗಡೆ, ಬಲಕ್ಕೆ ಮುಖಮಾಡಿ ನಿಂತಿರುತ್ತಾನೆ, ಅವನ ಮುಂದೆ ಖಾಲಿ ಜಾಗವಿರುತ್ತದೆ. ಹೋಗಬೇಕಾದ ದಿಕ್ಕು ಯಾವುದೆಂದು ಯಾರೂ ಹೇಳಬೇಕಾಗುವುದಿಲ್ಲ. ಸ್ವಲ್ಪದರಲ್ಲೇ ಅಣಬೆಯಾಕಾರದ ಒಂದು ಜೀವಿ ಎದುರಿನಿಂದ ನಡೆದು ಬರುತ್ತದೆ. ಅದಕ್ಕೆ ತಾಗಿ ಸತ್ತರೂ ಕಳೆದುಹೋಗುವುದು ಕೆಲವೇ ಕ್ಷಣಗಳ ಆಟವಾದ್ದರಿಂದ ಪಾಠ ಅಗ್ಗದಲ್ಲಿ ಸಿಗುತ್ತದೆ. ಮುಂದೆ ಇಟ್ಟಿಗೆಗಳ ಸಾಲಿನ ಕೆಳಗೆ ಜಿಗಿದು ಮಿನುಗುವ ಪೆಟ್ಟಿಗೆಗೆ ತಲೆ ತಗುಲಿಸಿದರೆ ಹೊರಬರುವ ನಿಜವಾದ ಅಣಬೆ ಬಲಕ್ಕೆ ಜಾರಿ, ಅಲ್ಲಿರುವ ಕೊಳವೆಗೆ ಬಡಿದು, ಹಿಂತಿರುಗಿ ಮಾರಿಯೊ ಕಡೆಗೇ ಬರುತ್ತದೆ. ಅದನ್ನೂ ಶತ್ರುವೆಂದು ಭಾವಿಸಿ ತಪ್ಪಿಸಿಕೊಳ್ಳಲು ಜಿಗಿದರೆ ಮೇಲಿನ ಇಟ್ಟಿಗೆಗಳು ತಡೆಯುತ್ತವೆ, ಹಾಗಾಗಿ ಅದು ಬಹುಮಟ್ಟಿಗೆ ತಾಗಿಯೇ ತೀರುತ್ತದೆ ಮತ್ತು ಮಾರಿಯೊ ದೊಡ್ಡವನಾಗುತ್ತಾನೆ. ಹೀಗೆ ಕೆಡುಕು ಯಾವುದು, ಒಳಿತು ಯಾವುದು ಎಂಬುದನ್ನು ಒಂದು ಪದವನ್ನೂ ಬಳಸದೆ ತಿಳಿಸಿಕೊಡಲಾಗುತ್ತದೆ. ಹಂತದ ಕೊನೆಯ ಭಾಗದಲ್ಲಿ ಎದುರುಬದುರು ನಿಂತ ಮೆಟ್ಟಿಲುಗಳ ಎರಡು ಜೋಡಿಗಳಿವೆ. ಮೊದಲ ಜೋಡಿಯ ನಡುವೆ ಗಟ್ಟಿ ನೆಲವಿದೆ, ಎರಡನೆಯದರ ನಡುವೆ ಕಂದಕವಿದೆ, ಅಂದರೆ ಒಂದೇ ಜಿಗಿತವನ್ನು ಮೊದಲು ಅಪಾಯವಿಲ್ಲದ ಕಡೆ ಅಭ್ಯಾಸ ಮಾಡಿಸಿ ಅನಂತರ ಅಪಾಯವಿರುವ ಕಡೆ ಪರೀಕ್ಷಿಸಲಾಗುತ್ತದೆ. ಆ ಆಟದ ಮುಂದಿನ ಹಂತಗಳು ಸಾಕಷ್ಟು ಕಠಿಣವೇ. ಆದರೆ ಹೊಸಬರ ಆಟವೆನ್ನಲು ಬೇಕಾದ ಗುಣ ಈ ಮೊದಲ ಹಂತದ ವಿನ್ಯಾಸದಲ್ಲಿದೆ, ಅಂದರೆ ಒಂದು ಹೊತ್ತಿಗೆ ಒಂದೇ ಹೊಸ ಸಂಗತಿಯನ್ನು ಮುಂದಿಟ್ಟು, ತಪ್ಪಿದರೆ ತೀರ ಕಡಿಮೆ ದಂಡ ಹಾಕುವುದರಲ್ಲಿದೆ.

ಬಟನ್‌ಗಳು ಕಡಿಮೆಯಿದ್ದರೆ ಆಟ ಸರಳ ಎಂಬ ನಂಬಿಕೆಯನ್ನು ಈ ಮಾನದಂಡದಿಂದ ಪರೀಕ್ಷಿಸಬಹುದು. ವಿಯೆಟ್ನಾಂನ ಡಾಂಗ್ ನ್ಯುಯೆನ್ 2013ರಲ್ಲಿ ಹೊರತಂದು 2014ರ ಫೆಬ್ರುವರಿಯಲ್ಲಿ ತಾವೇ ಹಿಂತೆಗೆದುಕೊಂಡ ‘ಫ್ಲ್ಯಾಪಿ ಬರ್ಡ್’ ಆಟಕ್ಕೆ ಪರದೆಯನ್ನು ಒಂದು ಬೆರಳಿನಿಂದ ತಟ್ಟುವುದಷ್ಟೇ ಸಾಕು. ಆದರೂ ಕೊಳವೆಗಳ ನಡುವೆ ಹಕ್ಕಿಯನ್ನು ಹಾರಿಸುವ ಆ ಆಟದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಮೊದಲಿನಿಂದ ಶುರುಮಾಡಬೇಕಾದ್ದರಿಂದ ಅನೇಕರ ಅಂಕ ಎರಡಂಕಿಯನ್ನು ಮುಟ್ಟಲಿಲ್ಲ. ಲಂಡನ್ನಿನ ಅಸ್ಟೂ ಸಂಸ್ಥೆಯ ‘ಮಾನ್ಯುಮೆಂಟ್ ವ್ಯಾಲಿ’ಯನ್ನು (2014) ಆಡುವುದೂ ಒಂದೇ ಬೆರಳಿನಿಂದ. ಅಲ್ಲಿ ಈಡಾ ಎಂಬ ಪುಟ್ಟ ರಾಜಕುಮಾರಿಯನ್ನು ನೋಟಕ್ಕೆ ಸಾಧ್ಯವೆನಿಸಿ ವಾಸ್ತವದಲ್ಲಿ ಅಸಾಧ್ಯವಾದ ಕಟ್ಟಡಗಳ ಮೂಲಕ ನಡೆಸಬೇಕು, ಗೋಪುರಗಳನ್ನು ತಿರುಗಿಸಿ ದಾರಿಗಳನ್ನು ಕೂಡಿಸಬೇಕು. ಗಡಿಯಾರವಿಲ್ಲ, ಸಾವಿಲ್ಲ, ಎಷ್ಟು ಹೊತ್ತು ಬೇಕಾದರೂ ಪರದೆಯನ್ನು ನೋಡುತ್ತ ಕೂರಬಹುದು. ಎರಡಕ್ಕೂ ಬೇಕಾದ ಬೆರಳು ಒಂದೇ ಆದರೂ ಒಂದು ಕ್ಷಣದ ನಿಖರತೆಯನ್ನು ಕೇಳುತ್ತದೆ, ಇನ್ನೊಂದು ಆಲೋಚನೆಯನ್ನು ಕೇಳುತ್ತದೆ.

ಹೀಗೆ ಸಮಯದ ಒತ್ತಡವಿಲ್ಲದಿರುವುದು ಹೊಸಬರ ಪಾಲಿಗೆ ದೊಡ್ಡ ಅನುಕೂಲ. ಮೈಕ್ರೊಸಾಫ್ಟ್ 1990ರಲ್ಲಿ ವಿಂಡೋಸ್ 3.0 ಜೊತೆಗೆ ಕೊಟ್ಟ ‘ಸಾಲಿಟೇರ್’ ಇಸ್ಪೀಟಿನಾಟವು ಮೌಸ್ ಎಂಬ ಅಪರಿಚಿತ ಉಪಕರಣದಿಂದ ಚಿತ್ರವೊಂದನ್ನು ಹಿಡಿದೆಳೆದು ಬೇರೆಡೆ ಬಿಡುವ ಅಭ್ಯಾಸವನ್ನು ಲಕ್ಷಾಂತರ ಕಚೇರಿ ನೌಕರರಿಗೆ ಕಲಿಸಿತು. ತಾವು ವಿಡಿಯೊ ಗೇಮ್ ಆಡುವವರಲ್ಲ ಎಂದು ಹೇಳಿಕೊಳ್ಳುವ ಬಹಳ ಜನ ಆಡಿದ ಮೊದಲ ವಿಡಿಯೊ ಗೇಮ್ ಅದೇ ಆಗಿದ್ದರೂ ಆಶ್ಚರ್ಯವಿಲ್ಲ. ಅದೇ ಕೈಚಳಕವನ್ನು ಕಥೆಯಾಗಿಸಿದ್ದು ಆಸ್ಟ್ರೇಲಿಯದ ವಿಚ್ ಬೀಮ್ ಸ್ಟುಡಿಯೊ 2021ರಲ್ಲಿ ತಂದ ‘ಅನ್‌ಪ್ಯಾಕಿಂಗ್’. 1997ರಿಂದ 2018ರವರೆಗೆ ಒಬ್ಬ ಹೆಣ್ಣುಮಗಳು ಬದಲಿಸುವ ಮನೆಗಳಲ್ಲಿ ಅವಳ ಸಾಮಾನಿನ ಪೆಟ್ಟಿಗೆಗಳನ್ನು ಬಿಚ್ಚಿ, ಪುಸ್ತಕವನ್ನು ಕಪಾಟಿನಲ್ಲೂ ಬಾಣಲೆಯನ್ನು ಅಡುಗೆಮನೆಯಲ್ಲೂ ಇಡುವುದಷ್ಟೇ ಕೆಲಸ, ಆದರೆ ಯಾವ ವಸ್ತು ಮನೆಯಿಂದ ಮನೆಗೆ ಉಳಿಯಿತು, ಯಾವುದಕ್ಕೆ ಹೊಸ ಮನೆಯಲ್ಲಿ ಜಾಗವೇ ಸಿಗಲಿಲ್ಲ ಎಂಬುದರಿಂದ ಅವಳ ಬದುಕು ತಾನಾಗಿ ತಿಳಿಯುತ್ತ ಹೋಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಎರಿಕ್ ಬರೋನ್ ಒಬ್ಬರೇ ಕಟ್ಟಿ 2016ರಲ್ಲಿ ಬಿಡುಗಡೆ ಮಾಡಿದ ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟ ನೋಡಲು ಸಾಧುವಾದರೂ ಒಳಗೆ ಗಡಿಬಿಡಿಯದು. ಅಲ್ಲಿನ ಒಂದು ದಿನ ನಮ್ಮ ಸುಮಾರು 14 ನಿಮಿಷಗಳಲ್ಲಿ ಮುಗಿಯುತ್ತದೆ, ರಾತ್ರಿ ಎರಡರೊಳಗೆ ಹಾಸಿಗೆ ಸೇರದಿದ್ದರೆ ಪಾತ್ರ ಕುಸಿದು ಬೀಳುತ್ತದೆ, ಮೀನು ಹಿಡಿಯುವುದಂತೂ ಪಳಗಿದ ಕೈಗೂ ಸತಾಯಿಸುವ ಕೆಲಸ. ಹೊಸಬರಿಗೆ ಅದನ್ನು ಕೊಡಬಾರದೆಂದಲ್ಲ, ಆದರೆ ಯಾವ ಕೆಲಸವನ್ನು ನಾಳೆಗೆ ಬಿಟ್ಟರೂ ಹೆಚ್ಚಿನ ನಷ್ಟವಿಲ್ಲ ಎಂಬ ಮಾತನ್ನು ಜೊತೆಗೆ ಹೇಳಿಕೊಡುವುದು ಒಳ್ಳೆಯದು.

ಕಠಿಣ ಆಟವನ್ನೂ ಹೊಸಬರ ಅಳತೆಗೆ ತರುವ ಒಂದು ದಾರಿ ಇತ್ತೀಚಿನ ವರ್ಷಗಳಲ್ಲಿ ತೆರೆದಿದೆ. ಮ್ಯಾಡಿ ಥಾರ್ಸನ್ ಮತ್ತು ಸಂಗಡಿಗರು 2018ರಲ್ಲಿ ತಂದ ‘ಸೆಲೆಸ್ಟ್’ ಎಂಬ ಬೆಟ್ಟ ಹತ್ತುವ ಆಟ ಸ್ವಭಾವತಃ ನಿರ್ದಯವಾದದ್ದು, ಆದರೆ ಅದರಲ್ಲಿ ಅಸಿಸ್ಟ್ ಮೋಡ್ ಎಂಬ ಸಹಾಯದ ವ್ಯವಸ್ಥೆಯಿದ್ದು, ಆಟದ ವೇಗವನ್ನು ಅರ್ಧಕ್ಕೆ ಇಳಿಸಿಕೊಳ್ಳಬಹುದು, ಪಾತ್ರಕ್ಕೆ ದಣಿವಾಗದಂತೆ ಮಾಡಬಹುದು, ಬೇಕಿದ್ದರೆ ಸಾವೇ ಬರದಂತೆಯೂ ಮಾಡಿಕೊಳ್ಳಬಹುದು. ಮೊದಲಿಗೆ ಆ ಆಯ್ಕೆಯ ಪರಿಚಯದ ಸಾಲುಗಳಲ್ಲಿ ಅದನ್ನು ಬಳಸುವುದು ಕೊಂಚ ಕಡಿಮೆಯ ದಾರಿ ಎಂಬ ಧ್ವನಿಯಿತ್ತು. ತಯಾರಕರು ಆಮೇಲೆ ಆ ಸಾಲುಗಳನ್ನು ತಿದ್ದಿದರು, ಅದು ಯೋಗ್ಯವಾದ ತಿದ್ದುಪಡಿ. 2017ರ ‘ಮಾರಿಯೊ ಕಾರ್ಟ್ 8 ಡಿಲಕ್ಸ್’ ಎಂಬ ಕಾರಿನ ಪಂದ್ಯದಲ್ಲಿ ವಾಹನ ರಸ್ತೆ ಬಿಟ್ಟು ಹೋಗದಂತೆ ಆಟವೇ ಹಿಡಿದುಕೊಳ್ಳುವ, ವೇಗವನ್ನೂ ತಾನೇ ಕೊಡುವ ಏರ್ಪಾಡುಗಳಿವೆ. ಆದ್ದರಿಂದ ಆರು ವರ್ಷದ ಮೊಮ್ಮಗುವೂ ಅರವತ್ತರ ಅಜ್ಜಿಯೂ ಒಂದೇ ಪಂದ್ಯದಲ್ಲಿ ಮುಖ ಸಣ್ಣದಾಗದಂತೆ ಕೂರಬಹುದು. ಆಟವನ್ನು ಕೊಳ್ಳುವ ಮುನ್ನ ಅದರ ಚಿತ್ರಗಳಿಗಿಂತ ಮೊದಲು ಅದರ ಸೆಟ್ಟಿಂಗ್ಸ್ ಪುಟದಲ್ಲಿ ಏನೇನಿದೆ ಎಂದು ವಿಚಾರಿಸುವುದು ಒಳ್ಳೆಯದು.

ಭಾರತದಲ್ಲಿ ಈ ಚರ್ಚೆಗೆ ಇನ್ನೊಂದು ಮುಖವಿದೆ, ಏಕೆಂದರೆ ಇಲ್ಲಿ ಹೆಚ್ಚಿನವರು ವಿಡಿಯೊ ಗೇಮ್ ಅನ್ನು ಮೊದಲು ಕಾಣುವುದು ಮೊಬೈಲ್ ಫೋನಿನಲ್ಲಿ, ಅದೂ ಬಿಟ್ಟಿಯಾಗಿ ಸಿಗುವ ಆಟಗಳ ರೂಪದಲ್ಲಿ. 2018ರಲ್ಲಿ ಬಂದು 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಕ್ಕೊಳಗಾದ ‘ಪಬ್‌ಜಿ ಮೊಬೈಲ್’ ಮತ್ತು 2021ರಲ್ಲಿ ಅದರ ಸ್ಥಾನಕ್ಕೆ ಬಂದ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಅವುಗಳಲ್ಲಿ ಅತಿ ಪರಿಚಿತ. ನೂರು ಜನರನ್ನು ಒಂದು ದ್ವೀಪಕ್ಕೆ ಇಳಿಸಿ ಕೊನೆಯಲ್ಲಿ ಉಳಿದವರನ್ನು ವಿಜೇತರೆನ್ನುವ ಈ ಬಗೆಯ ಆಟ, ಇಲ್ಲಿಯವರೆಗೆ ಹೇಳಿದ ಎಲ್ಲ ತೊಡಕುಗಳನ್ನೂ ಒಟ್ಟುಗೂಡಿಸಿದಂತಿದೆ: ತಿರುಗಿಸಬೇಕಾದ ಕ್ಯಾಮೆರಾ, ಬೆರಳಿಗೆ ಸ್ಪರ್ಶದ ಸುಳಿವೇ ಕೊಡದ ಗಾಜಿನ ಮೇಲೆ ಚಿತ್ರಿಸಿದ ಹತ್ತಾರು ಬಟನ್‌ಗಳು, ಬೇರೆಯವರೆಲ್ಲ ಅರಿತಿರುವ ನಕ್ಷೆ, ತಪ್ಪಿದರೆ ತಕ್ಷಣ ಹೊರದಬ್ಬುವ ನಿಯಮ. ಗೆಳೆಯರ ಸಹವಾಸ ಸಿಗುತ್ತದೆಂಬ ಕಾರಣಕ್ಕೆ ತರುಣರು ಇದನ್ನೆಲ್ಲ ಸಹಿಸಿ ಕಲಿತುಬಿಡುತ್ತಾರೆ. ಆ ಪ್ರೇರಣೆಯಿಲ್ಲದವರಿಗೆ ಇದರಿಂದ ಆರಂಭಿಸಿ ಎನ್ನುವುದು ಈಜು ಬಾರದವರನ್ನು ನಡುಹೊಳೆಗೆ ತಳ್ಳುವ ಕೆಲಸ.

ಬಿಟ್ಟಿ ಆಟಗಳಲ್ಲಿ ಇನ್ನೊಂದು ವರ್ಗದವು ಒಳಗೆ ಬರುವುದಕ್ಕೆ ನಿಜವಾಗಿಯೂ ಸುಗಮವಾಗಿವೆ, ಆದರೆ ಅವುಗಳ ಬೆಲೆ ಆಮೇಲೆ ಗೊತ್ತಾಗುತ್ತದೆ. 2012ರ ‘ಕ್ಯಾಂಡಿ ಕ್ರಷ್ ಸಾಗಾ’ದ ಆರಂಭದ ಹಂತಗಳಿಗಿಂತ ಸ್ನೇಹಮಯವಾದ ಪಾಠ ಸಿಗುವುದು ಕಷ್ಟ, ಆದರೆ ಅದರಲ್ಲಿ ಕೊಡುವುದು ಐದು ಪ್ರಾಣಗಳು, ಅವು ಮುಗಿದರೆ ಪ್ರತಿಯೊಂದು ಮರಳಿ ಬರಲು ಅರ್ಧ ಗಂಟೆ ಕಾಯಬೇಕು, ಕಾಯಲಾರದವರು ಹಣ ಕೊಟ್ಟು ಕೊಳ್ಳಬೇಕು, ಅಂದರೆ ಮುಂದಿನ ಹಂತಗಳ ಕಷ್ಟ ಆಟದ ಸೊಗಸಿಗಾಗಿ ಇರುವಷ್ಟೇ ವ್ಯಾಪಾರಕ್ಕಾಗಿಯೂ ಇದೆ. ಹಣ ಪಣಕ್ಕಿಟ್ಟು ಗೆಲ್ಲುವ ಆಸೆ ತೋರಿಸುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಗೇಮಿಂಗ್ ಕಾಯ್ದೆ 2025ರಲ್ಲಿ ನಿಷೇಧಿಸಿತು; ಅದಕ್ಕೂ ಮುನ್ನ ಕರ್ನಾಟಕ ಇದೇ ಉದ್ದೇಶದಿಂದ 2021ರಲ್ಲಿ ತಂದಿದ್ದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತ್ತು. ಆದರೆ ಪಣವಿಲ್ಲದೆ, ಪಾತ್ರದ ಉಡುಪಿಗೋ ಕಾಯುವಿಕೆಯಿಂದ ಬಿಡುಗಡೆಗೋ ಹಣ ಕೇಳುವ ಆಟಗಳು ಬೇರೆ ಸಂಗತಿ. ಹೊಸಬರಿಗೆ ಈ ವ್ಯತ್ಯಾಸ ಮೊದಲ ದಿನವೇ ಕಾಣಿಸುವುದಿಲ್ಲವಾದ್ದರಿಂದ, ಒಮ್ಮೆ ಬೆಲೆ ಕೊಟ್ಟು ಕೊಂಡರೆ ಮತ್ತೆ ಏನನ್ನೂ ಕೇಳದ ಆಟವೇ ಅವರಿಗೆ ಸುರಕ್ಷಿತ, ಮತ್ತು ಒಟ್ಟಿನಲ್ಲಿ ಅಗ್ಗವೂ ಹೌದು.

ಕನ್ನಡ ಓದುಗರಿಗೆ ಭಾಷೆಯ ಪ್ರಶ್ನೆಯೂ ಎದುರಾಗುತ್ತದೆ. 2019ರ ‘ಡಿಸ್ಕೊ ಎಲಿಸಿಯಂ’ನಂಥ ಆಟದಲ್ಲಿ ಬೆರಳಿಗೆ ಯಾವ ಶ್ರಮವೂ ಇಲ್ಲ, ಆದರೆ ಸುಮಾರು ಹತ್ತು ಲಕ್ಷ ಪದಗಳ, ವ್ಯಂಗ್ಯ ತುಂಬಿದ ಇಂಗ್ಲಿಷ್ ಗದ್ಯವಿದೆ, ಆ ಭಾಷೆಯಲ್ಲಿ ಕಾದಂಬರಿ ಓದಿ ಅಭ್ಯಾಸವಿರುವವರಿಗೆ ಅದು ಹಬ್ಬ, ಉಳಿದವರಿಗೆ ಪರೀಕ್ಷೆ. ಮಾತೇ ಇಲ್ಲದ ಆಟಗಳು ಈ ತೊಡಕನ್ನು ಬುಡದಲ್ಲೇ ಕತ್ತರಿಸುತ್ತವೆ. ಬಾರ್ಸಿಲೋನಾದ ನೊಮಾಡಾ ಸ್ಟುಡಿಯೊದ ‘ಗ್ರಿಸ್’ (2018) ಜಲವರ್ಣ ಚಿತ್ರದಂಥ ಸಮತಟ್ಟಾದ ಲೋಕದಲ್ಲಿ ಶೋಕದ ಕಥೆಯನ್ನು ಸಂಭಾಷಣೆಯಿಲ್ಲದೆ ಹೇಳುತ್ತದೆ, ಅದರಲ್ಲಿ ಪಾತ್ರ ಸಾಯುವುದೂ ಇಲ್ಲ, ಕ್ಯಾಮೆರಾದ ಚಿಂತೆಯೂ ಇಲ್ಲ. ‘ಮೈನ್‌ಕ್ರಾಫ್ಟ್’ನ ಕಂಪ್ಯೂಟರಿನ ಜಾವಾ ಆವೃತ್ತಿಯ ಭಾಷಾಪಟ್ಟಿಯಲ್ಲಿ ಕನ್ನಡವಿದೆ ಎಂಬುದು ಹೆಚ್ಚು ಜನರಿಗೆ ತಿಳಿದಿರದ ಸಂಗತಿ, ಅದರ ಕ್ರಿಯೇಟಿವ್ ಮೋಡ್‌ನಲ್ಲಿ ಶತ್ರುಗಳ ಕಾಟವಿಲ್ಲದೆ, ಮುಗಿಯದ ಇಟ್ಟಿಗೆಗಳಿಂದ ಮನೆ ಕಟ್ಟುತ್ತ ಮೌಸ್ ಮತ್ತು ಕೀಬೋರ್ಡ್ ಎರಡನ್ನೂ ಪಳಗಿಸಿಕೊಳ್ಳಬಹುದು.

ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ಹೊರತಂದ ‘ವೆಣ್ಬಾ’ ಈ ಸಂದರ್ಭದಲ್ಲಿ ವಿಶೇಷ ಗಮನಕ್ಕೆ ಅರ್ಹ. 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದರ ತಾಯಿ, ಹರಿದು ಮಸುಕಾದ ಅಡುಗೆ ಪುಸ್ತಕದ ಪುಟಗಳಲ್ಲಿ ಬಿಟ್ಟುಹೋದದ್ದನ್ನು ಊಹಿಸುತ್ತ ತವರಿನ ಅಡುಗೆಗಳನ್ನು ಮಾಡುವುದೇ ಅದರ ಒಗಟುಗಳು. ಮೊದಲನೆಯದು ಇಡ್ಲಿ, ಅಲ್ಲಿ ತಟ್ಟೆಗಳನ್ನು ಜೋಡಿಸುವ ಕ್ರಮ ತಪ್ಪಿದರೆ ಇಡ್ಲಿ ಕೆಡುತ್ತದೆ. ಈ ಒಗಟನ್ನು ಬಿಡಿಸಲು ಬೇಕಾದ ಪೂರ್ವಜ್ಞಾನ ಹತ್ತು ವರ್ಷ ಆಟವಾಡಿದ ಅಮೆರಿಕದ ಹುಡುಗನ ಬಳಿ ಇರುವುದಿಲ್ಲ, ಎಂದೂ ಕಂಟ್ರೋಲರ್ ಮುಟ್ಟದ ದಕ್ಷಿಣ ಭಾರತದ ಗೃಹಿಣಿಯ ಬಳಿ ಇರುತ್ತದೆ. ಹೊಸಬರು ನುರಿತವರಿಗಿಂತ ಮುಂದಿರುವ ಇಂಥ ಆಟಗಳು ವಿರಳ, ಆದರೆ ಅವು ತೋರಿಸಿಕೊಡುವ ತತ್ತ್ವ ಎಲ್ಲೆಡೆಗೂ ಅನ್ವಯಿಸುತ್ತದೆ: ಆಟವನ್ನು ಆರಿಸುವಾಗ ಆ ವ್ಯಕ್ತಿಗೆ ಈಗಾಗಲೇ ಏನು ಗೊತ್ತಿದೆ, ಏನು ಇಷ್ಟ ಎಂಬಲ್ಲಿಂದ ಹೊರಡಬೇಕು. ಪದಬಂಧ ಬಿಡಿಸುವವರಿಗೆ ಒಗಟು, ಕ್ರೀಡೆ ನೋಡುವವರಿಗೆ ಕೈ ಬೀಸಿ ಆಡುವ ‘ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್’ನ ಟೆನಿಸ್, ಬೌಲಿಂಗ್ ಹೊಂದಬಹುದು, ಹೊಸಬರೆಂದ ಮಾತ್ರಕ್ಕೆ ಐವತ್ತರ ಪ್ರಾಧ್ಯಾಪಕರಿಗೆ ಮಕ್ಕಳ ಗೊಂಬೆಯಾಟವನ್ನು ಕೊಡುವುದು ಅವಿವೇಕ.

ಎರಡು ಆಯಾಮದ, ಗಡಿಯಾರವಿಲ್ಲದ ಒಂದೆರಡು ಆಟಗಳನ್ನು ಆಡಿ ಮುಗಿಸಿದವರಿಗೆ ಮೂರನೆಯ ಆಯಾಮವನ್ನು ಪರಿಚಯಿಸಲು ಆಡಮ್ ರಾಬಿನ್ಸನ್-ಯು ಅವರ ‘ಎ ಶಾರ್ಟ್ ಹೈಕ್’ (2019) ತಕ್ಕದ್ದು. ಮೊಬೈಲ್ ಸಿಗ್ನಲ್ ಹುಡುಕಿಕೊಂಡು ಬೆಟ್ಟ ಹತ್ತುವ ಒಂದು ಹಕ್ಕಿಯ ಕಥೆಯಾದ ಇದರಲ್ಲಿ ಕ್ಯಾಮೆರಾವನ್ನು ಬಹುಮಟ್ಟಿಗೆ ಆಟವೇ ನೋಡಿಕೊಳ್ಳುತ್ತದೆ, ಎಷ್ಟು ಎತ್ತರದಿಂದ ಬಿದ್ದರೂ ಹಕ್ಕಿಗೆ ಏನೂ ಆಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ಶಿಖರ ಮುಟ್ಟಬಹುದು. ಕಂಪ್ಯೂಟರಿನಲ್ಲಿ ‘ಸ್ಟೀಮ್’ ಎಂಬ ಮಾರಾಟ ತಾಣದಿಂದ ಕೊಂಡ ಆಟವನ್ನು ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಮರಳಿಸಿ ಹಣ ಪಡೆಯಬಹುದಾದ್ದರಿಂದ ಇಂಥ ಪ್ರಯೋಗಗಳಿಗೆ ಹೆಚ್ಚು ಖರ್ಚಿಲ್ಲ. ಪಕ್ಕದಲ್ಲಿ ಕುಳಿತ ನುರಿತವರು ಪಾಲಿಸಬೇಕಾದ ಕಟ್ಟುಪಾಡು ಒಂದೇ, ಅವರು ಕಂಟ್ರೋಲರ್ ಅನ್ನು ಕಸಿದುಕೊಂಡು ತಾವು ಆಡಿ ತೋರಿಸಬಾರದು.

ಆ ಬಳಿಕ ಬರಬಹುದಾದ ಆಟ ವಾಲ್ವ್ ಕಂಪನಿ 2007ರಲ್ಲಿ ತಂದ ‘ಪೋರ್ಟಲ್’. ಗೋಡೆಯ ಮೇಲೆ ಎರಡು ರಂಧ್ರಗಳನ್ನು ಮಾಡಿ ಒಂದರೊಳಗೆ ಹೊಕ್ಕು ಇನ್ನೊಂದರಿಂದ ಹೊರಬರುವ ಈ ಒಗಟಿನಾಟ ಮಾರಿಯೊನ ಮೊದಲ ಹಂತದ ಬೋಧನಾಕ್ರಮವನ್ನು ಇಡೀ ಆಟಕ್ಕೆ ವಿಸ್ತರಿಸಿದೆ. ಆರಂಭದಲ್ಲಿ ಆಟಗಾರರ ಕೈಯಲ್ಲಿ ಉಪಕರಣವೇ ಇರುವುದಿಲ್ಲ, ಅನಂತರ ಒಂದು ರಂಧ್ರವನ್ನಷ್ಟೇ ಮಾಡಬಲ್ಲ ಉಪಕರಣ ಸಿಗುತ್ತದೆ, ಅದು ಕೈಗೆ ಒಗ್ಗಿದ ಮೇಲೆಯೇ ಎರಡನೆಯ ರಂಧ್ರದ ಶಕ್ತಿ ಕೂಡಿಕೊಳ್ಳುತ್ತದೆ. ಅದು ಫಸ್ಟ್ ಪರ್ಸನ್ ಆಟವಾದ್ದರಿಂದ ತಲೆಸುತ್ತಿನ ಸ್ವಭಾವದವರು ನೋಟದ ತಿರುಗುವ ವೇಗವನ್ನು ಸೆಟ್ಟಿಂಗ್ಸ್‌ನಲ್ಲಿ ಕಡಿಮೆ ಮಾಡಿಕೊಂಡು, ಬೆಳಕಿರುವ ಕೋಣೆಯಲ್ಲಿ ಪರದೆಯಿಂದ ತುಸು ಹಿಂದೆ ಕುಳಿತು, ಒಂದೊಂದು ಕೊಠಡಿ ಮುಗಿದಾಗಲೂ ಎದ್ದು ಓಡಾಡಿ ಬಂದು ಮುಂದುವರಿಸಬಹುದು.